ಹತ್ತು ನಿಮಿಷ, ಎರಡು ದಿನ, ಹತ್ತು ದಿನ: ಒಂದೇ ಮನೆಯ ಮೂರು ‘ಅಲರ್ಜಿ’

ಪ್ರಶ್ನೆ: ನಮ್ಮದು ತಿಪಟೂರು ಕಡೆಯ ಹಳ್ಳಿ. ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ, ಅರ್ಧ ಎಕರೆ ಸೇವಂತಿಗೆ ಇದೆ. ನಮ್ಮ ಯಜಮಾನರಿಗೆ 52 ವರ್ಷ. ಮೂರು ವರ್ಷದಿಂದ ಮುಖ, ಕತ್ತು, ಕಣ್ಣಿನ ರೆಪ್ಪೆ, ಮೊಣಕೈ ಸಂದಿಯಲ್ಲಿ ವಿಪರೀತ ನವೆ. ಚರ್ಮ ಕಪ್ಪಗೆ, ದಪ್ಪಗೆ ಆಗಿದೆ. ಮಳೆಗಾಲ ಶುರುವಾದ ಮೇಲೆ ಜಾಸ್ತಿ. ಇಂಜೆಕ್ಷನ್ ಹಾಕಿಸಿದರೆ ಹದಿನೈದು ದಿನ ಆರಾಮ, ಮತ್ತೆ ಅದೇ ಕಥೆ. ನಂಜಿನ ಪದಾರ್ಥ ಬಿಡಿ ಎಂದರು. ಬದನೆ, ಅವರೆ, ಮೊಟ್ಟೆ, ಮೀನು ಎಲ್ಲ ಬಿಟ್ಟಿದ್ದಾರೆ. ಲ್ಯಾಬಿನಲ್ಲಿ ‘ಅಲರ್ಜಿ ಪ್ಯಾನೆಲ್’ ಮಾಡಿಸಿದೆವು. ಐಜಿಇ 900 ಅಂತ ಬಂತು, ಅಕ್ಕಿ, ಗೋಧಿ, ಕಡಲೆ ಸೇರಿ 14 ಪದಾರ್ಥ ಪಾಸಿಟಿವ್. ಮಗನಿಗೆ 19. ಹೋದ ತಿಂಗಳು ತೋಟದಲ್ಲಿ ಜೇನು ಕಚ್ಚಿ ಹತ್ತು ನಿಮಿಷದೊಳಗೆ ಮೈಯೆಲ್ಲ ಗಂಧೆ ಎದ್ದು, ವಾಂತಿಯಾಗಿ, ಕಣ್ಣು ಕತ್ತಲೆ ಬಂದು ಬಿದ್ದ. ಆಸ್ಪತ್ರೆಯಲ್ಲಿ ಎರಡು ಇಂಜೆಕ್ಷನ್ ಕೊಟ್ಟು ಒಂದು ಗಂಟೆಯಲ್ಲಿ ಮನೆಗೆ ಕಳಿಸಿದರು. ಮಾವನವರಿಗೆ ಹೋದ ವರ್ಷ ಕೊಳಕುಮಂಡಲ ಕಚ್ಚಿತ್ತು, ಹಾವಿನ ಔಷಧ ಕೊಟ್ಟು ಉಳಿಸಿದರು. ಹತ್ತನೇ ದಿನಕ್ಕೆ ಜ್ವರ, ಕೀಲುನೋವು, ಮೈಮೇಲೆ ದದ್ದು. ಅದೂ ಅಲರ್ಜಿಯೇ ಅಂದರು. ನಮ್ಮ ಮನೆಯವರ ರಕ್ತದಲ್ಲೇ ಅಲರ್ಜಿ ಇದೆಯೇ? ಮಗಳ ಮಗುವಿಗೆ ಆರು ತಿಂಗಳು, ಅದಕ್ಕೂ ಬರುತ್ತದೆಯೇ? ಎಲ್ಲರಿಗೂ ಒಟ್ಟಿಗೆ ಯಾವ ಪರೀಕ್ಷೆ ಮಾಡಿಸಬೇಕು?

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಗನಿಗೆ ಹತ್ತು ನಿಮಿಷ, ಮಾವನವರಿಗೆ ಹತ್ತು ದಿನ ಎಂದು ಲೆಕ್ಕ ಇಟ್ಟು ಬರೆದಿದ್ದೀರಿ. ಅಲರ್ಜಿಯ ವಿಷಯದಲ್ಲಿ ವೈದ್ಯರು ಮೊದಲು ಕೇಳಬೇಕಾದದ್ದು ಇದನ್ನೇ: ವಸ್ತು ಮೈಗೆ ಸೋಕಿ ಎಷ್ಟು ಹೊತ್ತಿಗೆ ಶುರುವಾಯಿತು? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಸಾವಿರಾರು ರೂಪಾಯಿಯ ಪ್ಯಾನೆಲ್ ಬಹಳ ಸಲ ಬೇಕೇ ಆಗುವುದಿಲ್ಲ.

ನಮ್ಮ ರೋಗನಿರೋಧಕ ವ್ಯವಸ್ಥೆ ನಮಗೇ ತೊಂದರೆ ಕೊಡುವ ರೀತಿಗಳನ್ನು ಜೆಲ್ ಮತ್ತು ಕೂಂಬ್ಸ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು 1963ರಲ್ಲಿ ನಾಲ್ಕಾಗಿ ವಿಂಗಡಿಸಿದರು. ಆ ಮೇಲೆ ಎಷ್ಟೋ ತಿದ್ದುಪಡಿ ಆಗಿದ್ದರೂ ಆಸ್ಪತ್ರೆಯಲ್ಲಿ ಇಂದಿಗೂ ಕೆಲಸಕ್ಕೆ ಬರುವುದು ಅದೇ ವಿಂಗಡಣೆ. ನಿಮ್ಮ ಮಗನದು ಒಂದನೇ ಬಗೆ, ಮಾವನವರದು ಮೂರನೆಯದು, ಯಜಮಾನರದು ಬಹುಮಟ್ಟಿಗೆ ಖಚಿತವಾಗಿ ನಾಲ್ಕನೆಯದು. ಮೂರರಲ್ಲೂ ದೇಹದೊಳಗೆ ನಡೆಯುವ ಕೆಲಸ ಬೇರೆ, ಔಷಧ ಬೇರೆ, ಪರೀಕ್ಷೆ ಬೇರೆ. ಹೆಸರು ಒಂದೇ ಆದದ್ದರಿಂದ ನಿಮಗೆ ‘ಮನೆಯ ರಕ್ತ’ದ ಮೇಲೆ ಅನುಮಾನ ಬಂದಿದೆ. ಆ ಚಿಂತೆ ಬಿಡಿ. ಒಂದೇ ಮನೆಯಲ್ಲಿ ಸೇರಿಕೊಂಡದ್ದು ಕಾಕತಾಳೀಯ.

ಎರಡನೇ ಬಗೆ ನಿಮ್ಮ ಮನೆಯಲ್ಲಿಲ್ಲ, ಹಾಗಾಗಿ ಒಂದೇ ಮಾತು. ಅದರಲ್ಲಿ ಪ್ರತಿಕಾಯಗಳು (ಹೊರಗಿನ ವಸ್ತುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನುಗಳು) ನೇರವಾಗಿ ಜೀವಕೋಶಕ್ಕೇ ಅಂಟಿ ಅದನ್ನು ಒಡೆಯುತ್ತವೆ. ಬೇರೆ ಗುಂಪಿನ ರಕ್ತ ಏರಿಸಿದಾಗ ಆಗುವ ಅನಾಹುತ ಇದೇ. ತಾಯಿಯದು ನೆಗೆಟಿವ್, ಮಗುವಿನದು ಪಾಸಿಟಿವ್ ಗುಂಪಾದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡುವುದು ಮುಂದಿನ ಮಗುವಿಗೆ ಹೀಗಾಗದಿರಲಿ ಎಂದು.

ಮೊದಲು ಮಗನ ವಿಷಯ, ಏಕೆಂದರೆ ಜೀವಕ್ಕೆ ಅಪಾಯ ಇರುವುದು ಅಲ್ಲಿ.

ಹಿಂದೆ ಯಾವಾಗಲೋ ಜೇನು ಕಚ್ಚಿದಾಗ ಅವನ ದೇಹ ಆ ವಿಷಕ್ಕೆಂದೇ ಐಜಿಇ ಎಂಬ ಪ್ರತಿಕಾಯ ತಯಾರಿಸಿಕೊಂಡಿದೆ. ಅವು ಚರ್ಮ, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶ ಎಂಬ ಕಾವಲು ಕೋಶಗಳ ಮೈಮೇಲೆ ಅಂಟಿ ಕಾಯುತ್ತಿರುತ್ತವೆ. ಮತ್ತೆ ಅದೇ ವಿಷ ಬಂದ ಕೂಡಲೇ ಮಾಸ್ಟ್ ಕೋಶ ತನ್ನಲ್ಲಿ ತುಂಬಿಟ್ಟುಕೊಂಡ ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳನ್ನು ಒಮ್ಮೆಲೇ ಸುರಿಯುತ್ತದೆ. ಎಲ್ಲ ಮೊದಲೇ ತಯಾರಾಗಿ ಕೂತಿರುವುದರಿಂದ ನಿಮಿಷಗಳಲ್ಲಿ ಶುರು. ರಕ್ತನಾಳಗಳು ಹಿಗ್ಗಿ ಸೋರುತ್ತವೆ, ಒತ್ತಡ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಚರ್ಮದ ಗಂಧೆಯ ಜೊತೆಗೆ ವಾಂತಿ, ಉಬ್ಬಸ, ಧ್ವನಿ ಒಡೆಯುವುದು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ನಿಮ್ಮ ಮಗನಿಗೆ ಆದದ್ದು ಅದು.

ಇದಕ್ಕೆ ಔಷಧ ಒಂದೇ, ಅಡ್ರಿನಲಿನ್. ಊರಿನ ಕ್ಲಿನಿಕ್ಕುಗಳಲ್ಲಿ ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೊಡುವುದು ಅವಿಲ್ ಮತ್ತು ಡೆಕ್ಸಾ. ಅವಿಲ್ ನವೆ ತಗ್ಗಿಸುತ್ತದೆ, ಆದರೆ ಕುಸಿದ ಒತ್ತಡವನ್ನು ಎತ್ತುವುದಿಲ್ಲ, ಬಿಗಿದ ಶ್ವಾಸನಾಳವನ್ನು ಸಡಿಲಿಸುವುದಿಲ್ಲ. ಡೆಕ್ಸಾದಂಥ ಸ್ಟಿರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕು. ‘ಎರಡು ಇಂಜೆಕ್ಷನ್’ ಎಂದು ನೀವು ಬರೆದದ್ದು ಯಾವುದೆಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಹುಡುಗ ಚೇತರಿಸಿಕೊಂಡನಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಕೆಲವರಲ್ಲಿ ದೇಹವೇ ತನ್ನ ಅಡ್ರಿನಲಿನ್ ಸುರಿದು ಪಾರುಮಾಡುತ್ತದೆ, ಮುಂದಿನ ಸಲವೂ ಹಾಗೇ ಆಗುತ್ತದೆಂಬ ಭರವಸೆ ಇಲ್ಲ. ಒಂದು ಗಂಟೆಗೇ ಕಳಿಸಿದ್ದೂ ಸರಿಯಲ್ಲ. ಇಳಿದ ಪ್ರತಿಕ್ರಿಯೆ ಕೆಲವರಲ್ಲಿ ಗಂಟೆಗಳ ನಂತರ ಮತ್ತೆ ಏಳುತ್ತದೆ. ಪ್ರಜ್ಞೆ ತಪ್ಪುವಷ್ಟು ಆದವರನ್ನು ಕನಿಷ್ಠ ಆರು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ನೋಡಿಕೊಳ್ಳಬೇಕು.

ಅಡ್ರಿನಲಿನ್ 1 ಮಿ.ಲೀ. ಆಂಪ್ಯೂಲಿನಲ್ಲಿ ಬರುತ್ತದೆ, ಅದರಲ್ಲಿ 1 ಮಿ.ಗ್ರಾಂ ಔಷಧ. ದೊಡ್ಡವರಿಗೆ ಅರ್ಧ ಮಿ.ಲೀ.; ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 0.01 ಮಿ.ಲೀ., ಹೆಚ್ಚೆಂದರೆ 0.3. ತೊಡೆಯ ಹೊರಮಗ್ಗುಲಿನ ನಡುಭಾಗದಲ್ಲಿ ಸ್ನಾಯುವಿಗೆ ಕೊಡಬೇಕು. ಸುಧಾರಿಸದಿದ್ದರೆ 5ರಿಂದ 15 ನಿಮಿಷಕ್ಕೆ ಇನ್ನೊಂದು. ತೋಳಿಗೆ ಅಥವಾ ಚರ್ಮದಡಿಗೆ ಕೊಟ್ಟರೆ ನಿಧಾನವಾಗಿ ಏರುತ್ತದೆ. ಇದೇ ಸಾಂದ್ರತೆಯನ್ನು ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯಬಡಿತ ಹಳಿ ತಪ್ಪುತ್ತದೆ. ಹೊರದೇಶಗಳಲ್ಲಿ ಪೆನ್ನಿನಂತೆ ಒತ್ತಿ ಹಾಕಿಕೊಳ್ಳುವ ಸಾಧನ ಇದೆ, ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಆಸ್ಪತ್ರೆ ದೂರ ಇದ್ದವರಿಗೆ ವೈದ್ಯರೇ ಆಂಪ್ಯೂಲ್, ಸಿರಿಂಜ್ ಬರೆದುಕೊಟ್ಟು, ಮನೆಯವರ ಕೈಯಲ್ಲಿ ಎರಡು ಮೂರು ಸಲ ನೀರಿನಲ್ಲಿ ಅಭ್ಯಾಸ ಮಾಡಿಸಿ ಕಳಿಸುವುದುಂಟು. ಇದನ್ನು ಓದಿಕೊಂಡು ನೀವೇ ಶುರುಮಾಡುವುದು ಬೇಡ; ವೈದ್ಯರ ಹತ್ತಿರ ಹೋಗಿ ಕೇಳಿ, ಕಲಿಯಿರಿ.

ಇಲ್ಲಿ ತಪ್ಪುವುದು ಸಣ್ಣ ವಿಷಯಗಳಲ್ಲಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರದು ಇನ್ಸುಲಿನ್ ಸಿರಿಂಜ್ ಇರುತ್ತದೆ, ಅದನ್ನೇ ಬಳಸಲು ಹೋಗುತ್ತಾರೆ. ಅದರ ಸೂಜಿ ಗಿಡ್ಡ, ಸ್ನಾಯು ಮುಟ್ಟುವುದಿಲ್ಲ. ಮೇಲಿನ ಗೀಟುಗಳೂ ಮಿ.ಲೀ. ಅಲ್ಲ, ಯೂನಿಟ್. ಬೇಕಾದದ್ದು 1 ಮಿ.ಲೀ. ಸಿರಿಂಜ್ ಮತ್ತು ಒಂದು ಇಂಚಿನ ಸೂಜಿ. ಔಷಧ ಬಿಸಿಲು, ಬೆಳಕಿಗೆ ಕೆಡುತ್ತದೆ. ಬೈಕಿನ ಡಿಕ್ಕಿಯಲ್ಲಿಟ್ಟ ಆಂಪ್ಯೂಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಇನ್ನೊಂದು ತಪ್ಪು ಜೀವವನ್ನೇ ತೆಗೆಯಬಲ್ಲದು: ಬಿದ್ದವನನ್ನು ಎಬ್ಬಿಸಿ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೊರಡುವುದು. ಒತ್ತಡ ಕುಸಿದವನನ್ನು ನೆಟ್ಟಗೆ ಕೂರಿಸಿದರೆ ಹೃದಯಕ್ಕೆ ಮರಳುವ ರಕ್ತ ನಿಂತೇಹೋಗಬಹುದು. ಅಂಗಾತ ಮಲಗಿಸಿ ಕಾಲಡಿ ಏನಾದರೂ ಇಟ್ಟು ಎತ್ತರಿಸಿ, 108ಕ್ಕೆ ಫೋನ್ ಮಾಡಿ. ಉಬ್ಬಸ ಇದ್ದು ಮಲಗಲಾಗದಿದ್ದರೆ ಮಾತ್ರ ಒರಗಿ ಕೂರಲಿ. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಲಿ.

ಕಚ್ಚಿದ್ದು ಯಾವ ಹುಳು ಎಂಬುದೂ ಮುಖ್ಯ. ಚರ್ಮದಲ್ಲಿ ಮುಳ್ಳು ಉಳಿದಿತ್ತೇ ಎಂದು ಅವನನ್ನು ಕೇಳಿ. ಹೆಜ್ಜೇನು, ತುಡುವೆ ಎರಡೂ ಮುಳ್ಳನ್ನು ವಿಷದ ಚೀಲದ ಸಮೇತ ಬಿಟ್ಟುಹೋಗುತ್ತವೆ. ಕಡಜ ಸಾಮಾನ್ಯವಾಗಿ ಬಿಡುವುದಿಲ್ಲ. ಜೇನಿನ ವಿಷ ಬೇರೆ, ಕಡಜದ್ದು ಬೇರೆ, ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು. ಮುಳ್ಳನ್ನು ಉಗುರಿನಿಂದ ಕೆರೆಯಬೇಕೋ ಚಿಮುಟದಿಂದ ಎಳೆಯಬೇಕೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ. ಹೇಗಾದರೂ ಸರಿ, ಬೇಗ ತೆಗೆಯಿರಿ. ಜಜ್ಜಿದ ಜೇನಿನಿಂದ, ಚುಚ್ಚಿದ ಜಾಗದಿಂದ ಹೊರಡುವ ವಾಸನೆ (ಬಾಳೆಹಣ್ಣಿನ ವಾಸನೆಯಂತೆಯೇ ಇರುತ್ತದೆ) ಉಳಿದ ಹುಳುಗಳನ್ನು ಕರೆಯುತ್ತದೆ, ಆದ್ದರಿಂದ ಮೊದಲು ಆ ಜಾಗ ಬಿಟ್ಟು ಓಡಬೇಕು. ಅಲರ್ಜಿಯೇ ಇಲ್ಲದವನಿಗೂ ಐವತ್ತು ನೂರು ಮುಳ್ಳು ಚುಚ್ಚಿದರೆ ವಿಷದಿಂದಲೇ ಮೂತ್ರಪಿಂಡ ಕೈಕೊಡಬಹುದು. ಅದು ಅಲರ್ಜಿಯಲ್ಲ, ಆದರೂ ಆಸ್ಪತ್ರೆಗೆ ಹೋಗಲೇಬೇಕು.

ಮುಂದಿನ ದಾರಿ ಎರಡು. ಎಚ್ಚರದಿಂದಿದ್ದು ಔಷಧ ಜೊತೆಗಿಟ್ಟುಕೊಳ್ಳುವುದು ಒಂದು. ಜೇನಿನ ವಿಷವನ್ನೇ ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ 100 ಮೈಕ್ರೋಗ್ರಾಂವರೆಗೆ ಏರಿಸಿ, 3ರಿಂದ 5 ವರ್ಷ ಕೊಡುವ ಚಿಕಿತ್ಸೆ ಇನ್ನೊಂದು. ಎರಡನೆಯದು ಅಲರ್ಜಿಯಲ್ಲಿ ನಮ್ಮ ಕೈಯಲ್ಲಿರುವ ಅತ್ಯಂತ ಪರಿಣಾಮಕಾರಿ ಚಿಕಿತ್ಸೆಗಳಲ್ಲಿ ಒಂದು. ತೊಡಕೆಂದರೆ ಎಲ್ಲ ಊರಲ್ಲೂ ಸಿಗದು, ಮತ್ತು ಪ್ರತಿ ಡೋಸಿಗೂ ಪ್ರತಿಕ್ರಿಯೆ ಆಗುವ ಸಾಧ್ಯತೆ ಇರುವುದರಿಂದ ತುರ್ತು ವ್ಯವಸ್ಥೆ ಇರುವಲ್ಲೇ ಕೊಡಬೇಕು. ದೊಡ್ಡ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಅವನನ್ನು ತೆಂಗಿನ ಮರ ಹತ್ತಿಸಬೇಡಿ. ನೆಲದ ಮೇಲೆ ಕಣ್ಣು ಕತ್ತಲೆ ಬಂದರೆ ಬೀಳುವುದು ಐದಡಿ, ಮರದ ಮೇಲಾದರೆ ಐವತ್ತಡಿ.

ಈಗ ಯಜಮಾನರು. ಮುಖ, ರೆಪ್ಪೆ, ಕತ್ತು, ಮೊಣಕೈ ಸಂದಿ, ಮಳೆಗಾಲದಲ್ಲಿ ಹೆಚ್ಚು, ಐವತ್ತು ದಾಟಿದ ರೈತ: ಕರ್ನಾಟಕದ ಯಾವ ಚರ್ಮರೋಗ ತಜ್ಞರಿಗೂ ಇಷ್ಟು ಕೇಳಿದೊಡನೆ ಮನಸ್ಸಿಗೆ ಬರುವುದು ಕಾಂಗ್ರೆಸ್ ಗಿಡ. ಪಾರ್ಥೇನಿಯಂ. ಪಿ.ಎಲ್. 480 ಗೋಧಿಯ ಜೊತೆ ಅಮೆರಿಕದಿಂದ ಬಂತೆಂದು ಜನ ಶಾಪ ಹಾಕುವ ಅದೇ ಕಳೆ. ಅದರ ಎಲೆ, ಕಾಂಡ, ಹೂವಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕ ಇದೆ. ಒಣಗಿ ಪುಡಿಯಾದರೂ ಅದರ ಕಾಟ ಹೋಗುವುದಿಲ್ಲ. ಗಾಳಿಯಲ್ಲಿ ತೇಲಿ ಬಂದು ಬಟ್ಟೆಯಿಂದ ಮುಚ್ಚದ ಜಾಗದಲ್ಲೂ, ಬೆವರು ನಿಲ್ಲುವ ಸಂದಿಗಳಲ್ಲೂ ಕೂರುತ್ತದೆ. ಹೊಲಕ್ಕೇ ಹೋಗದೆ ಜಗಲಿಯ ಮೇಲೆ ಕೂತವರಿಗೂ ಬರುವುದು ಹೀಗೆ.

ಇದು ನಾಲ್ಕನೇ ಬಗೆ. ಇಲ್ಲಿ ಐಜಿಇ ಇಲ್ಲ, ಪ್ರತಿಕಾಯವೇ ಮುಖ್ಯವಲ್ಲ. ಕೆಲಸ ಮಾಡುವುದು ಟಿ-ಕೋಶ ಎಂಬ ಬಿಳಿರಕ್ತಕಣ. ಅವು ಗುರುತು ಹಿಡಿದು, ಗುಣಿಸಿಕೊಂಡು, ಚರ್ಮಕ್ಕೆ ಬಂದು ಸೇರಲು ಒಂದೆರಡು ದಿನ ಬೇಕು. ಊಟದ ಮೇಲೆ ಅಪವಾದ ಬರುವುದು ಈ ಎರಡು ದಿನದ ಅಂತರದಿಂದ. ಭಾನುವಾರ ಬದುವಿನ ಕಳೆ ಕಿತ್ತಿರುತ್ತಾರೆ, ಮಂಗಳವಾರ ಕಣ್ಣು ಊದುತ್ತದೆ. ಸೋಮವಾರ ರಾತ್ರಿ ಎಣ್ಣೆಗಾಯಿ ಮಾಡಿದ್ದು ಎಲ್ಲರಿಗೂ ನೆನಪಿರುತ್ತದೆ. ಬದನೆ ಸಿಕ್ಕಿಬೀಳುತ್ತದೆ. ಬದನೆಗೆ ನಿಜವಾದ ಅಲರ್ಜಿ ಇರುವವರು ಇದ್ದಾರೆ, ಇಲ್ಲವೆಂದಲ್ಲ. ಬದನೆಯಲ್ಲೇ ಇರುವ ಹಿಸ್ಟಮಿನ್‌ನಂಥ ವಸ್ತುಗಳಿಂದ ಬಾಯಿ ತುರಿಸುವುದೂ ಉಂಟು. ಆದರೆ ಅವೆಲ್ಲ ತಿಂದ ಕೆಲ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಗೊತ್ತಾಗುತ್ತವೆ, ಮೂರು ವರ್ಷ ಕತ್ತಿನ ಚರ್ಮ ದಪ್ಪ ಮಾಡುವುದಿಲ್ಲ. ಮೊಟ್ಟೆ, ಮೀನು, ಅವರೆ ತಿಂದಾಗ ಅವರಿಗೆ ಹಾಗೆ ಏನೂ ಆಗಿರದಿದ್ದರೆ ಎಲ್ಲವನ್ನೂ ಮತ್ತೆ ಶುರುಮಾಡಬಹುದು. ಮೂರು ವರ್ಷ ಬಿಟ್ಟೂ ಗುಣವಾಗಿಲ್ಲ ಎನ್ನುವುದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇನ್ನು ಆ ಪ್ಯಾನೆಲ್. ಅದು ಅಳೆಯುವುದು ಐಜಿಇಯನ್ನು, ಅಂದರೆ ಒಂದನೇ ಬಗೆಯನ್ನು. ಯಜಮಾನರ ರೋಗ ನಾಲ್ಕನೇ ಬಗೆ. ಬಾವಿಯ ನೀರಿನ ಮಟ್ಟ ನೋಡಲು ಥರ್ಮಾಮೀಟರ್ ಇಳಿಬಿಟ್ಟಂತಾಯಿತು. ಒಟ್ಟು ಐಜಿಇ 900 ಎಂಬುದಕ್ಕೆ ಹೊಟ್ಟೆಹುಳವೂ ಕಾರಣವಿರಬಹುದು. ಅಕ್ಕಿ ಪಾಸಿಟಿವ್ ಎಂದರೆ ಅಕ್ಕಿಗೆ ಹೊಂದುವ ಐಜಿಇ ರಕ್ತದಲ್ಲಿದೆ ಎಂದಷ್ಟೇ ಅರ್ಥ, ಹುಲ್ಲಿನ ಪರಾಗಕ್ಕೆ ಹುಟ್ಟಿದ ಐಜಿಇ ಕೂಡ ಧಾನ್ಯಗಳ ಜೊತೆ ಹಾಗೆ ಬೆಸೆದುಕೊಳ್ಳುತ್ತದೆ. ದಿನಾ ಅನ್ನ ಉಂಡು ಏನೂ ಆಗದವನಿಗೆ ಅಕ್ಕಿ ಅಲರ್ಜಿ ಇಲ್ಲ, ಕಾಗದ ಏನೇ ಹೇಳಲಿ. ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಅಳೆದು ನೂರಿನ್ನೂರು ಆಹಾರದ ಪಟ್ಟಿ ಕೊಡುವ ಪರೀಕ್ಷೆಗಳಂತೂ ನೀವು ಏನೇನು ತಿನ್ನುತ್ತೀರಿ ಎಂಬುದನ್ನೇ ದುಡ್ಡು ತಗೊಂಡು ನಿಮಗೆ ಹೇಳುತ್ತವೆ.

ಇವರಿಗೆ ಬೇಕಾದದ್ದು ಪ್ಯಾಚ್ ಪರೀಕ್ಷೆ, ಅಂದರೆ ಅನುಮಾನದ ವಸ್ತುಗಳನ್ನು ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸಿ ಚರ್ಮ ಏಳುತ್ತದೆಯೇ ಎಂದು ನೋಡುವುದು. ಅದರ ವಿವರ ಕೊನೆಯಲ್ಲಿ. ಸೇವಂತಿಗೆಯೂ ಸೂರ್ಯಕಾಂತಿಯೂ ಕಾಂಗ್ರೆಸ್ ಗಿಡದ ಕುಟುಂಬದವೇ, ಒಂದಕ್ಕೆ ಒಗ್ಗದ ಚರ್ಮ ಇನ್ನೊಂದಕ್ಕೂ ಸಿಡಿಯಬಹುದು. ನಿಮ್ಮ ಅರ್ಧ ಎಕರೆ ಸೇವಂತಿಗೆಯ ವಿಷಯ ವೈದ್ಯರಿಗೆ ತಪ್ಪದೆ ಹೇಳಿ. ಹೂ ಬಿಡಿಸುವ ಕೆಲಸ ಬೇರೆಯವರು ಮಾಡಲಿ.

ಚಿಕಿತ್ಸೆಯ ಅರ್ಧ ಭಾಗ ಗಿಡದಿಂದ ದೂರ ಇರುವುದು. ಮನೆಯ ಸುತ್ತ, ಹೊಲದ ಬದುವಿನಲ್ಲಿ ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ ಬೇರು ಸಮೇತ ಕೀಳಿಸಿ. ಕೀಳುವವರು ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಲಿ. ಯಜಮಾನರು ಮಾತ್ರ ಆ ಹೊತ್ತಿಗೆ ಹತ್ತಿರ ಸುಳಿಯಬಾರದು. ಸುಡಬೇಡಿ, ಹೊಗೆ ಊರಿಗೆಲ್ಲ ಹರಡುತ್ತದೆ. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಬಹುದು. ಅವರ ಬಟ್ಟೆಯನ್ನು ಬೇಲಿಯ ಮೇಲೆ ಒಣಹಾಕಬೇಡಿ, ತೋಟದಿಂದ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಲಿ.

ಉಳಿದರ್ಧ ಔಷಧ. ನವೆಗೆಂದು ನುಂಗುವ ಸೆಟಿರಿಜಿನ್ ಇಲ್ಲಿ ಹೆಚ್ಚೇನೂ ಮಾಡುವುದಿಲ್ಲ, ಏಕೆಂದರೆ ಈ ನವೆಯ ಮೂಲ ಹಿಸ್ಟಮಿನ್ ಅಲ್ಲ. ಸ್ಟಿರಾಯ್ಡ್ ಮುಲಾಮು ಬೇಕು, ಆದರೆ ಜಾಗಕ್ಕೆ ತಕ್ಕ ಬಲದ್ದು. ಕೈಕಾಲಿನ ದಪ್ಪ ಚರ್ಮಕ್ಕೆ ಕೊಡುವ ಕ್ಲೋಬೆಟಸಾಲ್ ಅನ್ನು ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣತೊಡಗುತ್ತದೆ. ರೆಪ್ಪೆಗೆ ಟ್ಯಾಕ್ರೊಲಿಮಸ್ ಮುಲಾಮು ಒಳ್ಳೆಯದು, ಮೊದಲ ಕೆಲವು ದಿನ ಉರಿಯುತ್ತದೆ. ತೋರುಬೆರಳಿನ ಕೊನೆಯ ಗೆಣ್ಣಿನುದ್ದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹದಿನೈದು ದಿನಕ್ಕೊಮ್ಮೆ ಹಾಕಿಸುವ ಇಂಜೆಕ್ಷನ್ ಬಹುಶಃ ದೀರ್ಘಕಾಲ ಉಳಿಯುವ ಸ್ಟಿರಾಯ್ಡ್. ಅದರಿಂದ ಆರಾಮ ಆಗುವುದು ನಿಜ. ಹಾಗೇ ಸಕ್ಕರೆ ಏರುವುದು, ಕಣ್ಣಿಗೆ ಪೊರೆ, ಮೂಳೆ ಸವೆತವೂ ನಿಜ. ಮೂರು ವರ್ಷ ಹಾಕಿಸಿದ್ದರೆ ಒಮ್ಮೆಲೇ ನಿಲ್ಲಿಸದೆ ವೈದ್ಯರಿಗೆ ಲೆಕ್ಕ ಹೇಳಿ, ಸಕ್ಕರೆ ಮತ್ತು ಬಿ.ಪಿ. ನೋಡಿಸಿ. ಇಷ್ಟು ಹಳೆಯ ರೋಗಕ್ಕೆ ಸ್ಟಿರಾಯ್ಡ್ ಬಿಡಿಸಲು ನಮ್ಮ ದೇಶದಲ್ಲಿ ಹೆಚ್ಚು ಬಳಸುವುದು ಅಜಥಯೋಪ್ರಿನ್ ಎಂಬ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮಾತ್ರೆ. ಫಲ ಕಾಣಲು ಒಂದೂವರೆ ಎರಡು ತಿಂಗಳು ಬೇಕು. ಕೆಲವರಲ್ಲಿ ಬಿಳಿರಕ್ತಕಣ ಅಪಾಯಕಾರಿಯಾಗಿ ಇಳಿಯುತ್ತದೆ, ಆದ್ದರಿಂದ ಶುರುವಿನಲ್ಲಿ ಪದೇಪದೇ ರಕ್ತಪರೀಕ್ಷೆ, ಲಿವರ್ ಪರೀಕ್ಷೆ ಕಡ್ಡಾಯ. ಯೂರಿಕ್ ಆಸಿಡ್‌ಗೆ ಅಲೊಪ್ಯುರಿನಾಲ್ ನುಂಗುತ್ತಿದ್ದರೆ ಮೊದಲೇ ಹೇಳಿ. ಎರಡೂ ಸೇರಿದರೆ ವಿಷವಾಗುತ್ತದೆ.

ನೀವು ಕೇಳಿಲ್ಲ, ಆದರೂ ನಾಲ್ಕನೇ ಬಗೆಯ ಇನ್ನೊಂದು ಮುಖ ಹೇಳದೆ ಬಿಡಲಾಗದು. ಫಿಟ್ಸ್ ಮಾತ್ರೆ, ಅಲೊಪ್ಯುರಿನಾಲ್, ಸಲ್ಫಾದಂಥ ಔಷಧ ಶುರುಮಾಡಿದ ಒಂದರಿಂದ ನಾಲ್ಕು ವಾರದಲ್ಲಿ ಜ್ವರ ಬಂದು, ಬಾಯಿ ಹುಣ್ಣಾಗಿ, ಕಣ್ಣು ಕೆಂಪಾಗಿ, ಚರ್ಮ ಮುಟ್ಟಿದರೆ ನೋಯುವಂತಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಚರ್ಮ ಸುಟ್ಟಂತೆ ಸುಲಿಯುವ ಹಂತಕ್ಕೆ ಹೋಗಬಹುದು. ಆ ಮಾತ್ರೆಯನ್ನು ಜೀವಮಾನದಲ್ಲಿ ಮತ್ತೆ ಮುಟ್ಟುವಂತಿಲ್ಲ.

ಮಾವನವರ ಕಾಯಿಲೆಗೂ ‘ಅಲರ್ಜಿ’ ಎಂಬ ಪದಕ್ಕೂ ಹಳೆಯ ನಂಟು. ವಿಯೆನ್ನಾದಲ್ಲಿ ಗಂಟಲಮಾರಿಗೆ ಕುದುರೆಯ ರಕ್ತಸಾರ ಕೊಟ್ಟ ಮಕ್ಕಳಲ್ಲಿ ವಾರ ಹತ್ತು ದಿನದ ನಂತರ ಜ್ವರ, ಕೀಲುನೋವು, ದದ್ದು ಬರುವುದನ್ನು ಪಿರ್ಕೆ ಮತ್ತು ಷಿಕ್ ಎಂಬ ವೈದ್ಯರು 1905ರಲ್ಲಿ ವಿವರವಾಗಿ ಬರೆದರು. ಮರುವರ್ಷ ‘ಅಲರ್ಜಿ’ ಎಂಬ ಶಬ್ದ ಹುಟ್ಟಿಸಿದ್ದೂ ಅದೇ ಪಿರ್ಕೆ. ನಮ್ಮ ಹಾವಿನ ಔಷಧವೂ ಕುದುರೆಯಿಂದಲೇ ತಯಾರಾಗುವುದು. ಕುದುರೆಯ ಪ್ರೋಟೀನ್ ರಕ್ತದಲ್ಲಿರುವಾಗಲೇ, ವಾರ ಹತ್ತು ದಿನಕ್ಕೆ, ದೇಹ ಅದಕ್ಕೆ ಪ್ರತಿಕಾಯ ತಯಾರಿಸುತ್ತದೆ. ಎರಡೂ ಸೇರಿ ಗಂಟಾಗಿ ಕೀಲು, ಚರ್ಮ, ಮೂತ್ರಪಿಂಡದ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ಉರಿಯೂತ ಎಬ್ಬಿಸುತ್ತವೆ. ಕುದುರೆ ಪ್ರೋಟೀನ್ ಮುಗಿದ ಮೇಲೆ ರೋಗವೂ ಮುಗಿಯುತ್ತದೆ. ಐದಾರು ದಿನದ ಪ್ರೆಡ್ನಿಸಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಗೆ ಸಾಮಾನ್ಯವಾಗಿ ಬಗ್ಗುತ್ತದೆ. ಆಗ ಮೂತ್ರ ಪರೀಕ್ಷೆ ಮಾಡಿಸಿರದಿದ್ದರೆ ಈಗ ಒಮ್ಮೆ ಮಾಡಿಸಿ, ಪ್ರೋಟೀನ್ ಹೋಗುತ್ತಿಲ್ಲ ಎಂದು ಖಚಿತವಾಗಲಿ.

ನನಗೆ ಭಯ ಇರುವುದು ಇನ್ನೊಂದು ಕಡೆ. ‘ಮಾವನವರಿಗೆ ಹಾವಿನ ಔಷಧ ಅಲರ್ಜಿ’ ಎಂಬ ಮಾತು ಮನೆಯಲ್ಲಿ ಉಳಿದು, ಮತ್ತೊಮ್ಮೆ ಹಾವು ಕಚ್ಚಿದಾಗ ನೀವೇ ಬೇಡ ಎಂದುಬಿಟ್ಟರೆ? ವಿಷ ಏರಿದ ಲಕ್ಷಣ ಇದ್ದರೆ ಔಷಧ ಕೊಡಲೇಬೇಕು, ಅದಕ್ಕೆ ಬದಲಿ ಇಲ್ಲ. ಹಿಂದೆ ಹೀಗಾಗಿತ್ತು ಎಂದು ಹೇಳಿ, ಅಷ್ಟೇ. ವೈದ್ಯರು ಅಡ್ರಿನಲಿನ್ ತುಂಬಿಟ್ಟುಕೊಂಡು ಶುರುಮಾಡುತ್ತಾರೆ. ಎರಡನೇ ಸಲ ಈ ಜ್ವರ, ಕೀಲುನೋವು ಮೂರು ನಾಲ್ಕು ದಿನಕ್ಕೇ ಬರಬಹುದು. ಕೆಟ್ಟದಾಗಿ ನಾಯಿ ಕಚ್ಚಿದಾಗ ಗಾಯಕ್ಕೆ ಚುಚ್ಚುವ ರೇಬಿಸ್ ಸೀರಮ್‌ನಲ್ಲೂ ಕುದುರೆಯದೊಂದು ಬಗೆ ಇದೆ, ಆಗಲೂ ಇದನ್ನು ಹೇಳಿ, ಆದರೆ ಚಿಕಿತ್ಸೆ ಬಿಡಬೇಡಿ.

ಮೊಮ್ಮಗುವಿಗೆ ಇವು ಯಾವುವೂ ಬಳುವಳಿಯಾಗಿ ಬರುವುದಿಲ್ಲ. ಆಸ್ತಮಾ, ಅಲರ್ಜಿಯ ನೆಗಡಿ, ಮಕ್ಕಳ ಎಕ್ಸಿಮಾ ಇರುವ ಮನೆಗಳಲ್ಲಿ ಒಂದನೇ ಬಗೆಯ ಒಲವು ವಂಶದಲ್ಲಿ ಬರುತ್ತದೆ; ನೀವು ಅಂಥದ್ದೇನೂ ಬರೆದಿಲ್ಲ. ಹೆದರಿ ಮೊಟ್ಟೆ, ಕಡಲೆಕಾಯಿ ತಡಮಾಡಬೇಡಿ. ಆರು ತಿಂಗಳಿಂದ ಚೆನ್ನಾಗಿ ಬೆಂದ ಮೊಟ್ಟೆ, ನುಣ್ಣಗೆ ಅರೆದು ಗಂಜಿಗೆ ಬೆರೆಸಿದ ಕಡಲೆಕಾಯಿ ಸ್ವಲ್ಪಸ್ವಲ್ಪ ಕೊಡುವುದರಿಂದ ಅಲರ್ಜಿ ಕಡಿಮೆಯೇ ಆಗುತ್ತದೆ. ಇಡೀ ಕಾಳು ಮಾತ್ರ ಬೇಡ, ಉಸಿರುಗಟ್ಟುತ್ತದೆ. ಮಗುವಿಗೆ ಜೋರು ಎಕ್ಸಿಮಾ ಇದ್ದರೆ ಮೊದಲು ಮಕ್ಕಳ ವೈದ್ಯರನ್ನು ಕೇಳಿ.

‘ಎಲ್ಲರಿಗೂ ಒಟ್ಟಿಗೆ’ ಮಾಡಿಸುವ ಪರೀಕ್ಷೆ ಇಲ್ಲ. ಮಗುವಿಗೂ ಮಾವನವರಿಗೂ ಅಲರ್ಜಿ ಪರೀಕ್ಷೆಯೇ ಬೇಡ. ಮಗನಿಗೆ ಜೇನು ಮತ್ತು ಕಡಜದ ವಿಷಕ್ಕೆ ಐಜಿಇ ಪರೀಕ್ಷೆ, ಬೇಕಾದರೆ ಚರ್ಮಕ್ಕೆ ಸೂಜಿಮೊನೆಯಿಂದ ಸಣ್ಣಗೆ ಚುಚ್ಚಿ ನೋಡುವ ಪ್ರಿಕ್ ಪರೀಕ್ಷೆ. ಕಚ್ಚಿ 4ರಿಂದ 6 ವಾರ ಆಗಿರಲಿ, ಅದಕ್ಕೆ ಮುಂಚೆ ಮಾಡಿಸಿದರೆ ಸುಳ್ಳೇ ನೆಗೆಟಿವ್ ಬರಬಹುದು. ಪ್ರಿಕ್ ಪರೀಕ್ಷೆಗೆ ಐದಾರು ದಿನ ಮೊದಲೇ ನೆಗಡಿ, ನವೆಯ ಮಾತ್ರೆ ನಿಲ್ಲಿಸಬೇಕು. ಯಜಮಾನರ ಪ್ಯಾಚ್ ಪರೀಕ್ಷೆಗೆ ಆ ಮಾತ್ರೆ ಅಡ್ಡಿಯಿಲ್ಲ, ಸ್ಟಿರಾಯ್ಡ್ ಅಡ್ಡಿ. ಇಂಜೆಕ್ಷನ್ ಹಾಕಿಸಿದ ತಾರೀಖು ಬರೆದುಕೊಂಡು ಹೋಗಿ, ಎಷ್ಟು ವಾರ ಕಾಯಬೇಕೆಂದು ಅವರು ಹೇಳುತ್ತಾರೆ. ಬೆನ್ನಿನ ಚರ್ಮ ಶುದ್ಧವಾಗಿರುವ ಹೊತ್ತು ನೋಡಿ ಮಾಡಿಸಬೇಕು. ಸೋಮವಾರ ಅಂಟಿಸಿದರೆ ಬುಧವಾರ ತೆಗೆದು ನೋಡುತ್ತಾರೆ, ಶುಕ್ರವಾರ ಇನ್ನೊಮ್ಮೆ. ಬುಧವಾರವೊಂದನ್ನೇ ನೋಡಿ ಬಿಟ್ಟರೆ ತಡವಾಗಿ ಏಳುವುದು ತಪ್ಪಿಹೋಗುತ್ತದೆ. ಅಷ್ಟೂ ದಿನ ಬೆನ್ನಿಗೆ ನೀರು ಸೋಕಬಾರದು, ಬೆವರುವ ಕೆಲಸ ಮಾಡಬಾರದು, ಹಾಗಾಗಿ ತೋಟದ ಕೆಲಸ ಕಡಿಮೆ ಇರುವ ವಾರ ಆರಿಸಿಕೊಳ್ಳಿ. ಹೊರಡುವಾಗ ಮನೆಯ ಹತ್ತಿರದ ಕಾಂಗ್ರೆಸ್ ಗಿಡದ ಫೋಟೋವನ್ನೂ, ಅವರು ಇದುವರೆಗೆ ಹಚ್ಚಿದ ಎಲ್ಲ ಮುಲಾಮಿನ ಟ್ಯೂಬುಗಳನ್ನೂ ತೆಗೆದುಕೊಂಡು ಹೋಗಿ. ಕೆಲವು ಸಲ ಮುಲಾಮಿನೊಳಗಿನ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್‌ಗೇ ಇನ್ನೊಂದು ಅಲರ್ಜಿ ಹತ್ತಿಕೊಂಡಿರುತ್ತದೆ.